ತಿರುಗುವುದಿಲ್ಲ, ತೂಗುತ್ತದೆ: ಆತಂಕದ ಜೊತೆ ಬರುವ ತಲೆಸುತ್ತಿಗೆ ಮಾತ್ರೆ ಬಿಟ್ಟು ಬೇರೆ ಏನಿದೆ?

ತೇಲುವ ನೆಲ

ಎಂಟು ತಿಂಗಳ ಹಿಂದೆ ಒಂದು ಬೆಳಗ್ಗೆ ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದೆ. ಕೋಣೆಯೆಲ್ಲ ಗಿರ್ರನೆ ತಿರುಗಿತು. ಒಳಕಿವಿಯ ಹರಳು ಜಾರಿದೆ ಅಂದರು ಕಿವಿ ಡಾಕ್ಟರು. ತಲೆ ತಿರುಗಿಸಿ, ಮಲಗಿಸಿ, ಎಬ್ಬಿಸಿ ಅದನ್ನು ಸರಿಮಾಡಿದರು. ಎರಡೇ ದಿನದಲ್ಲಿ ಗಿರಗಿರ ನಿಂತಿತು.

ಆದರೆ ಅದರ ಜಾಗಕ್ಕೆ ಇನ್ನೊಂದು ಬಂದು ಕೂತಿದೆ. ಇದು ತಿರುಗುವುದಿಲ್ಲ, ತೂಗುತ್ತದೆ. ದೋಣಿಯ ಮೇಲೆ ನಿಂತ ಹಾಗೆ, ಸ್ಪಂಜಿನ ಮೇಲೆ ನಡೆದ ಹಾಗೆ. ಮಲಗಿದರೆ ಏನೂ ಇಲ್ಲ. ಎದ್ದು ನಿಂತರೆ ಶುರು. ಸೂಪರ್‌ಮಾರ್ಕೆಟ್ಟಿನ ಸಾಲುಗಳ ನಡುವೆ ಹೋದರೆ ಮುಗಿಯಿತು. ಫೋನಿನ ತೆರೆಯನ್ನು ಬೆರಳಿನಲ್ಲಿ ಸರಸರ ಸರಿಸಿದರೂ ಹೊಟ್ಟೆ ತೊಳೆಸುತ್ತದೆ. ಎಂಆರ್‌ಐ, ಕಿವಿಯ ಪರೀಕ್ಷೆ, ರಕ್ತ ಪರೀಕ್ಷೆ ಎಲ್ಲ ನಾರ್ಮಲ್.

ಒಬ್ಬ ಡಾಕ್ಟರು "ಏನೂ ಇಲ್ಲ, ಸುಮ್ನೆ ಟೆನ್ಷನ್" ಅಂದು ಕಳಿಸಿದರು. ಆಮೇಲೆ ನೋಡಿದವರು ಪಿಪಿಪಿಡಿ (ಪರ್ಸಿಸ್ಟೆಂಟ್ ಪೋಸ್ಚರಲ್ ಪರ್ಸೆಪ್ಚುವಲ್ ಡಿಜಿನೆಸ್, ಅಂದರೆ ಬಿಡದೆ ಕಾಡುವ ತೂಗಾಟದ ತಲೆಸುತ್ತು) ಅಂತ ಹೆಸರು ಹೇಳಿದರು. ಮಾತ್ರೆಯ ಮಾತೂ ಬಂತು. ನಾನು ಮಾತ್ರೆಯ ವಿರೋಧಿ ಅಲ್ಲ, ಅದನ್ನು ಅವರ ಜೊತೆಗೇ ಕೂತು ನಿರ್ಧರಿಸುತ್ತೇನೆ. ಇಲ್ಲಿ ಕೇಳುತ್ತಿರುವುದು ಮಾತ್ರೆ ಅಲ್ಲದ ದಾರಿಗಳ ಬಗ್ಗೆ. ಮಾಡಿ ನೋಡಿದವರು ಹೇಳಿ.

ಇನ್ನೊಂದು ಮಾತು. ಬೆಳಗ್ಗೆ ಕಣ್ಣು ಬಿಟ್ಟ ಕೂಡಲೇ ನನ್ನ ಮೊದಲ ಕೆಲಸ, "ಇವತ್ತು ಇದೆಯಾ?" ಅಂತ ತಲೆ ಅಲ್ಲಾಡಿಸಿ ನೋಡುವುದು. ದಿನಾ ಇದೆ.

ಚುಟುಕು

ಸೂಪರ್‌ಮಾರ್ಕೆಟ್ ಸಾಲು! ನನಗೊಬ್ಬಳಿಗೇ ಹೀಗೆ ಅಂದುಕೊಂಡಿದ್ದೆ.

ಹಳೇ ಬವಳಿ

ನನ್ನದು ಎರಡು ವರ್ಷದ ಕಥೆ. ಈಗ ಬಹುಪಾಲು ಚೆನ್ನಾಗಿದ್ದೇನೆ. ಬಹುಪಾಲು ಅಂದೆ, ಪೂರ್ತಿ ಅನ್ನಲಿಲ್ಲ.

ಮೊದಲು ಆ "ಏನೂ ಇಲ್ಲ" ಅನ್ನುವ ಮಾತಿಗೆ ಉತ್ತರ. ಇದು ಹೊಸ ಕಾಯಿಲೆಯೂ ಅಲ್ಲ, ಬರೀ ಕಲ್ಪನೆಯೂ ಅಲ್ಲ. ಜರ್ಮನಿಯ ಬ್ರಾಂಟ್ ಮತ್ತು ಡೀಟರಿಷ್ ಎಂಬ ನರರೋಗ ತಜ್ಞರು 1986ರಲ್ಲೇ ಇಂಥ ರೋಗಿಗಳ ಬಗ್ಗೆ ಬರೆದು, ಫೋಬಿಕ್ ಪೋಸ್ಚರಲ್ ವರ್ಟಿಗೊ (ಭಯದ ಜೊತೆ, ನಿಂತಾಗ ನಡೆದಾಗ ಬರುವ ತಲೆಸುತ್ತು) ಎಂದು ಹೆಸರಿಟ್ಟರು. ಆಮೇಲೆ ಬೇರೆಯವರು ಬೇರೆ ಬೇರೆ ಹೆಸರು ಕೊಟ್ಟರು. 2017ರಲ್ಲಿ ಬರಾನಿ ಸೊಸೈಟಿ ಅನ್ನುವ ಅಂತಾರಾಷ್ಟ್ರೀಯ ತಜ್ಞರ ಸಂಘ ಎಲ್ಲವನ್ನೂ ಒಟ್ಟಿಗೆ ನೋಡಿ ಪಿಪಿಪಿಡಿಯ ಲಕ್ಷಣಗಳನ್ನು ಗೊತ್ತುಮಾಡಿತು. ಮೂರು ತಿಂಗಳು ಅಥವಾ ಅದಕ್ಕಿಂತ ಹೆಚ್ಚು ಕಾಲ, ಬಹುತೇಕ ದಿನಗಳಲ್ಲಿ ತೂಗಾಟ ಇರಬೇಕು. ನಿಂತಾಗ, ಅಲುಗಾಡಿದಾಗ, ಕಣ್ಣೆದುರು ಏನಾದರೂ ಚಲಿಸಿದಾಗ ಅದು ಜಾಸ್ತಿಯಾಗಬೇಕು. ನೀವು ಬರೆದದ್ದು ಅಕ್ಷರಶಃ ಇದೇ ಅಲ್ವಾ? ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿಯ 11ನೇ ಆವೃತ್ತಿಯಲ್ಲೂ ಇದಕ್ಕೆ ಜಾಗ ಇದೆ, ಅದೂ ಒಳಕಿವಿ ಮತ್ತು ಸಮತೋಲದ ಕಾಯಿಲೆಗಳ ಸಾಲಿನಲ್ಲಿ. ಮಾನಸಿಕ ಕಾಯಿಲೆಗಳ ಸಾಲಿನಲ್ಲಿ ಅಲ್ಲ.

(ಕಿವಿಗೆ ಬಿಸಿನೀರು, ತಣ್ಣೀರು ಬಿಟ್ಟು ಒಂದು ಪರೀಕ್ಷೆ ಮಾಡಿದರಲ್ಲ, ಅದು ಆ ಸಂಘಕ್ಕೆ ಹೆಸರು ಕೊಟ್ಟ ರಾಬರ್ಟ್ ಬರಾನಿ ಅವರದೇ ಕೊಡುಗೆ. 1914ರ ನೊಬೆಲ್ ಅವರಿಗೆ ಬಂತು. ಸುದ್ದಿ ಬಂದಾಗ ಅವರು ರಷ್ಯಾದಲ್ಲಿ ಯುದ್ಧಕೈದಿ. ಆ ಪರೀಕ್ಷೆ ಮಾಡಿಸಿಕೊಂಡಾಗ ನನಗೆ ಅವರ ಮೇಲೆ ಬಂದ ಸಿಟ್ಟು ಇದನ್ನು ಓದಿದ ಮೇಲೆ ಸ್ವಲ್ಪ ಇಳಿಯಿತು.)

ನನಗೆ ಕೆಲಸ ಮಾಡಿದ್ದು ಎರಡು. ಸಮತೋಲದ ವ್ಯಾಯಾಮ, ಮತ್ತು ನೀವು ಕೊನೆಯಲ್ಲಿ ಬರೆದ ಆ ಬೆಳಗಿನ ತಪಾಸಣೆ ನಿಲ್ಲಿಸಿದ್ದು. ಎರಡನೆಯದೇ ಕಷ್ಟ.

ಕಿವಿಗೊಟ್ಟವಳು

ನಾನು ಸಮತೋಲದ ತೊಂದರೆ ಇರುವವರಿಗೆ ವ್ಯಾಯಾಮ ಕಲಿಸುವ ಫಿಸಿಯೋಥೆರಪಿಸ್ಟ್. ಸ್ವಲ್ಪ ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ.

ಓದುತ್ತಿರುವ ಬೇರೆಯವರಿಗೆ ಮೊದಲೇ ಒಂದು ಮಾತು. ತಲೆಸುತ್ತು ಅಂದಕೂಡಲೇ ಪಿಪಿಪಿಡಿ ಅಂದುಕೊಳ್ಳಬೇಡಿ. ಹರಳು ಜಾರಿದ್ದು, ಎದ್ದಾಗ ರಕ್ತದೊತ್ತಡ ಇಳಿಯುವುದು, ರಕ್ತಹೀನತೆ, ಮೈಗ್ರೇನ್, ಹೃದಯದ ಲಯ ತಪ್ಪುವುದು ಎಲ್ಲದರಲ್ಲೂ ತಲೆಸುತ್ತು ಬರುತ್ತದೆ. ಒಮ್ಮೆಲೇ ಮಾತು ತೊದಲಿದರೆ, ಒಂದು ಕಡೆಯ ಕೈಕಾಲು ಬಲ ಕಳೆದುಕೊಂಡರೆ, ಎರಡೆರಡು ಕಂಡರೆ, ಹಿಂದೆಂದೂ ಇಲ್ಲದಂಥ ತಲೆನೋವು ಬಂದರೆ, ಪ್ರಜ್ಞೆ ತಪ್ಪಿದರೆ, ಎದೆ ನೋವಿದ್ದರೆ, ದಿಢೀರನೆ ಕಿವಿ ಕೇಳಿಸದಾದರೆ ವ್ಯಾಯಾಮ ಹುಡುಕುತ್ತ ಕೂರಬೇಡಿ. ತಕ್ಷಣ ಆಸ್ಪತ್ರೆಗೆ ಹೋಗಿ.

ಈಗ ವಿಷಯಕ್ಕೆ. ನಾವು ನೆಟ್ಟಗೆ ನಿಂತಿದ್ದೇವೆ ಅನ್ನುವ ಸುದ್ದಿ ಮೆದುಳಿಗೆ ಮೂರು ಕಡೆಯಿಂದ ಬರುತ್ತದೆ. ಒಳಕಿವಿ, ಕಣ್ಣು, ಮತ್ತು ಪಾದ, ಕೀಲು, ಸ್ನಾಯುಗಳು. ಈ ಕೆಲಸ ಎಷ್ಟು ಬೇಗ ನಡೆಯುತ್ತದೆ ಅಂದರೆ, ತಲೆ ತಿರುಗಿಸಿದ ಸುಮಾರು 10 ಮಿಲಿಸೆಕೆಂಡಿನಲ್ಲಿ ಕಣ್ಣು ಎದುರು ದಿಕ್ಕಿಗೆ ಹೊರಳಿರುತ್ತದೆ. ಯೋಚನೆ ಮಾಡಿ ಮಾಡುವ ಕೆಲಸ ಅಲ್ಲ ಇದು.

ನಿಮಗೆ ಹರಳು ಜಾರಿದ ದಿನ ಒಳಕಿವಿ ಸುಳ್ಳು ಸುದ್ದಿ ಕೊಟ್ಟಿತು. ಮೆದುಳು ಗಾಬರಿಯಾಗಿ ಅದನ್ನು ನಂಬುವುದು ಬಿಟ್ಟು ಕಣ್ಣನ್ನು ಹಿಡಿದುಕೊಂಡಿತು. ಕಾಲಿನ ಸ್ನಾಯುಗಳನ್ನು ಬಿಗಿ ಮಾಡಿತು. ಜಾರುವ ಮಂಜುಗಡ್ಡೆಯ ಮೇಲೆ ನಡೆಯುವವರು ನಡೆಯುವ ಹಾಗೆ. ಆ ಹೊತ್ತಿಗೆ ಅದು ಸರಿಯೇ. ಕಿವಿ ಗುಣವಾದ ಮೇಲೂ ಈ ಏರ್ಪಾಡು ಹಾಗೇ ಉಳಿದುಬಿಟ್ಟದ್ದೇ ತೊಂದರೆ. ಕಣ್ಣನ್ನೇ ನೆಚ್ಚಿಕೊಂಡವರಿಗೆ ಸೂಪರ್‌ಮಾರ್ಕೆಟ್ಟಿನ ಸಾಲು, ಓಡುವ ತೆರೆ, ಜನಜಂಗುಳಿ ಎಲ್ಲವೂ "ನೀನು ಅಲುಗಾಡುತ್ತಿದ್ದೀಯ" ಅಂತಲೇ ಹೇಳುತ್ತವೆ. ಸಮತೋಲದ ನರಕೇಂದ್ರಗಳಿಗೂ ಭಯದ ಕೇಂದ್ರಗಳಿಗೂ ಮೆದುಳಿನಲ್ಲಿ ನೇರ ನಂಟಿದೆ. ಹಾಗಾಗಿ ಆತಂಕ ತಲೆಸುತ್ತನ್ನು ಏರಿಸುತ್ತದೆ, ತಲೆಸುತ್ತು ಆತಂಕವನ್ನು ಏರಿಸುತ್ತದೆ. ಯಾವುದು ಮೊದಲು ಅಂತ ಕೇಳಿ ಪ್ರಯೋಜನವಿಲ್ಲ. ಕೆಲವರಿಗೆ ಪ್ಯಾನಿಕ್ ಅಟ್ಯಾಕ್‌ನಿಂದಲೇ ಇದು ಶುರುವಾಗುತ್ತದೆ.

ನನಗೆ ತುಂಬ ಇಷ್ಟವಾದ ಸಂಗತಿ ಒಂದಿದೆ. ಇಂಥವರನ್ನು ಓಲಾಟ ಅಳೆಯುವ ಹಲಗೆಯ ಮೇಲೆ ಸುಮ್ಮನೆ ನಿಲ್ಲಿಸಿದರೆ ಉಳಿದವರಿಗಿಂತ ಜಾಸ್ತಿ ಓಲಾಡುತ್ತಾರೆ. ಕಷ್ಟದ ನಿಲುವು ಕೊಟ್ಟರೆ, ಅಂದರೆ ಒಂದು ಪಾದದ ಹಿಂದೆ ಇನ್ನೊಂದು ಇಟ್ಟು ಕಣ್ಣು ಮುಚ್ಚಿ ನಿಲ್ಲಿ ಅಂದರೆ, ಉಳಿದವರ ಹಾಗೆಯೇ ನಿಲ್ಲುತ್ತಾರೆ! ಕೆಲಸ ಕಷ್ಟವಾದಾಗ ಕಾವಲು ಕಾಯಲು ಬಿಡುವಿರುವುದಿಲ್ಲ. ದೇಹ ತನ್ನ ಹಳೆಯ ದಾರಿ ಹಿಡಿಯುತ್ತದೆ. ಸಮತೋಲ ಕೆಟ್ಟಿಲ್ಲ, ಅದರ ಮೇಲೆ ಕಾವಲು ಜಾಸ್ತಿಯಾಗಿದೆ.

ವ್ಯಾಯಾಮಗಳು ಇದರ ಮೇಲೆಯೇ ನಿಂತಿವೆ. ಗೋಡೆಗೆ ಒಂದು ಅಕ್ಷರ ಅಂಟಿಸಿ, ತೋಳಳತೆ ದೂರದಲ್ಲಿ ಕೂತು, ಅದನ್ನೇ ನೋಡುತ್ತ "ಬೇಡ" ಅನ್ನುವ ಹಾಗೆ ತಲೆ ಆಡಿಸುವುದು. ಅಕ್ಷರ ಮಸುಕಾಗದಷ್ಟು ವೇಗದಲ್ಲಿ, ಮೊದಲಿಗೆ ಅರ್ಧ ನಿಮಿಷ. ಅದು ರೂಢಿಯಾದ ಮೇಲೆ ನಿಂತು, ಆಮೇಲೆ ಗೆರೆಗೆರೆಯ ಪರದೆಯ ಮುಂದೆ. ಇನ್ನೊಂದು, ಚಲಿಸುವ ಪಟ್ಟೆಗಳ ಅಥವಾ ಜನಸಂದಣಿಯ ವಿಡಿಯೋ ನೋಡುವುದು, ಇಪ್ಪತ್ತು ಮೂವತ್ತು ಸೆಕೆಂಡಿನಿಂದ ಶುರುಮಾಡಿ. ಮೂರನೆಯದು, ನಡೆಯುತ್ತ ಬೇರೆ ಕೆಲಸ: ನೂರರಿಂದ ಮೂರು ಮೂರು ಕಳೆಯುತ್ತ ಎಣಿಸಿ, ಫೋನಿನಲ್ಲಿ ಮಾತಾಡಿ, ಚೆಂಡನ್ನು ಕೈಯಿಂದ ಕೈಗೆ ಎಸೆಯಿರಿ. ಚೆಂಡಾಟ ನನ್ನ ಹೊಸ ಐಡಿಯಾ ಅಲ್ಲ. 1940ರ ದಶಕದಲ್ಲಿ ಇಂಗ್ಲೆಂಡಿನ ಕಾಥೋರ್ನ್ ಮತ್ತು ಕುಕ್ಸಿ ಎಂಬ ವೈದ್ಯರು ತಲೆಗೆ ಪೆಟ್ಟಾದವರಿಗೆ, ಒಳಕಿವಿ ಕೆಟ್ಟವರಿಗೆ ಇದನ್ನೆಲ್ಲ ಮಾಡಿಸುತ್ತಿದ್ದರು. ಹಾಸಿಗೆ ಹಿಡಿದು ಮಲಗಿದವರಿಗಿಂತ ತಲೆ ಆಡಿಸಿದವರು ಬೇಗ ಚೇತರಿಸಿಕೊಳ್ಳುತ್ತಾರೆ ಅನ್ನುವುದು ಅವರ ಕಣ್ಣಿಗೆ ಬಿದ್ದಿತ್ತು.

ಅಳತೆ ಮಾತ್ರ ಮುಖ್ಯ. ತಲೆಸುತ್ತಿಗೆ ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಡಿ. ವ್ಯಾಯಾಮ ಅದನ್ನು ಎರಡು ಅಂಕದಷ್ಟು ಏರಿಸಬೇಕು, ಕಾಲು ಗಂಟೆ ಇಪ್ಪತ್ತು ನಿಮಿಷದಲ್ಲಿ ಅದು ಇಳಿಯಬೇಕು. ಏರದಿದ್ದರೆ ಮೆದುಳಿಗೆ ಕಲಿಯಲು ಏನೂ ಸಿಗಲಿಲ್ಲ. ಸಂಜೆಯವರೆಗೂ ಇಳಿಯದಿದ್ದರೆ ಜಾಸ್ತಿಯಾಯಿತು, ನಾಳೆ ಅರ್ಧಕ್ಕೆ ಇಳಿಸಿ. ಮೂರರಿಂದ ಆರು ತಿಂಗಳು ಬೇಕು ಅಂತ ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಸಾಧ್ಯವಾದರೆ ಮೊದಲ ಕೆಲವು ಸಲ ಬಲ್ಲವರ ಕಣ್ಣೆದುರು ಮಾಡಿ.

ಅನುಮಾನದ ಹುಳ

ಹುಳಿ ಹಿಂಡುತ್ತೇನೆ, ಬೇಜಾರು ಬೇಡ. ಪಿಪಿಪಿಡಿಗೆ ಮಾತ್ರೆಯಲ್ಲದ ಚಿಕಿತ್ಸೆಗಳ ಬಗ್ಗೆ 2023ರಲ್ಲಿ, ಚಿಕಿತ್ಸೆಗಳ ಪ್ರಯೋಗಗಳನ್ನು ಒಟ್ಟುಮಾಡಿ ತೂಗಿ ನೋಡುವ ಸಂಸ್ಥೆಯಾದ ಕಾಕ್ರೇನ್‌ನವರು ಒಂದು ವಿಮರ್ಶೆ ಪ್ರಕಟಿಸಿದರು. ಒಳ್ಳೆಯ ಪ್ರಯೋಗಗಳನ್ನೆಲ್ಲ ಜರಡಿ ಹಿಡಿದರು. ಜರಡಿಯಲ್ಲಿ ಉಳಿದದ್ದು ಒಂದೇ ಒಂದು. ದಕ್ಷಿಣ ಕೊರಿಯಾದ್ದು, 24 ಜನರದು. ಅದೂ ವ್ಯಾಯಾಮದ್ದಲ್ಲ, ತಲೆಯ ಮೇಲಿಂದ ಸಣ್ಣ ವಿದ್ಯುತ್ ಹಾಯಿಸುವ ಚಿಕಿತ್ಸೆಯದು. ಅದರಿಂದಲೂ ಏನನ್ನೂ ಖಚಿತವಾಗಿ ಹೇಳಲಾಗದು ಎಂದು ಮುಗಿಸಿದರು. ಹಾಗಿದ್ದಮೇಲೆ ಇಷ್ಟು ಧೈರ್ಯವಾಗಿ ಅಕ್ಷರ ಅಂಟಿಸಿ, ಚೆಂಡು ಎಸೆಯಿರಿ ಅನ್ನುವುದು ಹೇಗೆ?

ಕಿವಿಗೊಟ್ಟವಳು

ನೀವು ಹೇಳಿದ್ದು ನಿಜ, ಒಪ್ಪುತ್ತೇನೆ. ಒಂದು ಕಡೆಯ ಒಳಕಿವಿ ಕೆಟ್ಟವರಿಗೆ ಈ ವ್ಯಾಯಾಮ ಒಳ್ಳೆಯದು ಅನ್ನುವುದಕ್ಕೆ 2015ರ ಕಾಕ್ರೇನ್ ವಿಮರ್ಶೆಯಲ್ಲಿ 39 ಪ್ರಯೋಗ, 2,441 ಜನರ ಆಧಾರ ಇದೆ. ಆದರೆ ಅದು ಬೇರೆ ಕಾಯಿಲೆ. ಆ ಬಲವನ್ನು ಇಲ್ಲಿಗೆ ಸಾಲ ತರುವುದು ಮೋಸ.

ಆದರೂ ಏಕೆ ಹೇಳುತ್ತೇನೆ? "ಪುರಾವೆ ಸಿಕ್ಕಿಲ್ಲ" ಬೇರೆ, "ಕೆಲಸ ಮಾಡುವುದಿಲ್ಲ ಅನ್ನುವುದಕ್ಕೆ ಪುರಾವೆ ಸಿಕ್ಕಿದೆ" ಬೇರೆ. ಲಕ್ಷಣಗಳು ಗೊತ್ತಾದದ್ದೇ 2017ರಲ್ಲಿ, ಆರು ವರ್ಷದಲ್ಲಿ ದೊಡ್ಡ ಪ್ರಯೋಗಗಳು ಆಗಿರಲಿಲ್ಲ. ಕಾಯಿಲೆ ನಡೆಯುವ ಬಗೆ ಗೊತ್ತಿದೆ. ವ್ಯಾಯಾಮ ಅದಕ್ಕೆ ಹೊಂದುತ್ತದೆ. ತೊಂದರೆ ಕಡಿಮೆ. ಅಷ್ಟೇ ನನ್ನ ಧೈರ್ಯ. "ಗ್ಯಾರಂಟಿ ಗುಣ" ಅಂತ ಯಾರಾದರೂ ಪ್ಯಾಕೇಜ್ ಮಾರಿದರೆ ಓಡಿಹೋಗಿ, ತಲೆ ಸುತ್ತಿದರೂ ಪರವಾಗಿಲ್ಲ.

ಅನುಮಾನದ ಹುಳ

ಇಷ್ಟು ಸರಳವಾಗಿ ಒಪ್ಪುತ್ತೀರಿ ಅಂದುಕೊಂಡಿರಲಿಲ್ಲ. ಜಗಳಕ್ಕೆ ಸಿದ್ಧವಾಗಿ ಬಂದಿದ್ದೆ.

ನಡುರಾತ್ರಿ

ಸಿಬಿಟಿ (ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ, ಯೋಚನೆ ಮತ್ತು ನಡವಳಿಕೆಯನ್ನು ತಿದ್ದುವ ಮನಶ್ಚಿಕಿತ್ಸೆ) ಬಗ್ಗೆ ಯಾರೂ ಹೇಳಲಿಲ್ಲವಲ್ಲ. ನನ್ನದು ಪ್ಯಾನಿಕ್ ಅಟ್ಯಾಕ್‌ನಿಂದ ಶುರುವಾದದ್ದು. ಮೀಟಿಂಗ್ ಒಂದರಲ್ಲಿ ಎದೆ ಡವಡವ ಅಂತು, ಕಾಲು ಸೋತಿತು, ಆಮೇಲೆ ತೂಗಾಟ ಉಳಿದುಕೊಂಡಿತು.

ಸಿಬಿಟಿ ಅಂದರೆ ಕೂತು ಬಾಲ್ಯದ ಕಥೆ ಹೇಳುವುದು ಅಂದುಕೊಂಡಿದ್ದೆ. ಅಲ್ಲ. ಎರಡನೇ ದಿನವೇ ಥೆರಪಿಸ್ಟ್ ಒಂದು ನಿಮಿಷ ಜೋರಾಗಿ, ಬೇಗ ಬೇಗ ಉಸಿರಾಡಿ ಅಂದರು. (ಹೃದಯದ ತೊಂದರೆ, ಆಸ್ತಮಾ, ಮೂರ್ಛೆರೋಗ ಇದೆಯಾ, ಗರ್ಭಿಣಿಯಾ ಅಂತ ಮೊದಲೇ ಕೇಳಿಕೊಂಡಿದ್ದರು. ಮನೆಯಲ್ಲಿ ಒಬ್ಬರೇ ಮಾಡಲು ಹೋಗಬೇಡಿ.) ನಲವತ್ತನೇ ಸೆಕೆಂಡಿಗೆ ನನ್ನದೇ ತಲೆಸುತ್ತು, ಯಥಾಪ್ರಕಾರ! ತುಟಿ ಜುಮುಜುಮು. "ಈಗ ನಿಮಗೆ ಏನಾಯಿತು?" ಅಂತ ಕೇಳಿದರು. ಜಾಸ್ತಿ ಉಸಿರಾಡಿದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿಯುತ್ತದೆ, ಮೆದುಳಿನ ರಕ್ತನಾಳಗಳು ಕಿರಿದಾಗುತ್ತವೆ, ತಲೆ ಹಗುರಾಗುತ್ತದೆ. ನಾನು ದಿನವಿಡೀ ಮೇಲುಸಿರು ಬಿಡುತ್ತ ಇದನ್ನೇ ಸಣ್ಣದಾಗಿ ಮಾಡಿಕೊಳ್ಳುತ್ತಿದ್ದೆ. ಭಯ ಹುಟ್ಟಿಸುವ ವಸ್ತುವನ್ನು ನಾನೇ ಬೇಕೆಂದಾಗ ತಯಾರಿಸಬಲ್ಲೆ ಅಂತ ಗೊತ್ತಾದಾಗ ಅದರ ಅರ್ಧ ಪೊಗರು ಇಳಿಯಿತು. ಆಮೇಲೆ ನಿಧಾನದ ಉಸಿರಾಟ ಕಲಿಸಿದರು, ನಿಮಿಷಕ್ಕೆ ಆರರ ಹತ್ತಿರ, ಉಸಿರು ಬಿಡುವುದು ಉದ್ದ.

ಎರಡನೆಯದು, ಲೆಕ್ಕ. "ಬಿದ್ದೇಬಿಡುತ್ತೇನೆ ಅಂತ ಎಷ್ಟು ಸಲ ಅನಿಸಿತು?" ಸಾವಿರ ಸಲ. "ಎಷ್ಟು ಸಲ ಬಿದ್ದಿರಿ?" ಒಂದು ಸಲವೂ ಇಲ್ಲ. ಕೇಳುವುದಕ್ಕೆ ಸಿಲ್ಲಿ. ಆದರೆ ನಾನು ಅದುವರೆಗೆ ಆ ಎರಡನೇ ಲೆಕ್ಕ ಇಟ್ಟಿರಲೇ ಇಲ್ಲ.

ಅನುಮಾನದ ಹುಳ

ಇಲ್ಲಿಯೂ ಮಿಶ್ರ ಫಲ. ಆಸ್ಟ್ರೇಲಿಯಾದಲ್ಲಿ 2012ರ ಒಂದು ಪ್ರಯೋಗದಲ್ಲಿ ಮೂರೇ ಸಲದ ಸಿಬಿಟಿಯಿಂದ ತಲೆಸುತ್ತಿನ ಕಾಟ ಕಡಿಮೆಯಾಗಿತ್ತು. ಸ್ವೀಡನ್ನಿನ ತಂಡ 2007ರಲ್ಲಿ ಬರೆದ ವರದಿಯಲ್ಲಿ ಮಾತ್ರ, ಒಂದು ವರ್ಷ ಕಳೆದ ಮೇಲೆ ಸಿಬಿಟಿಯ ಲಾಭ ಅಷ್ಟಾಗಿ ಉಳಿದಿರಲಿಲ್ಲ. ಎರಡೂ ಹಳೆಯ ಹೆಸರುಗಳಡಿ ನಡೆದವು. ಕಲಿತದ್ದನ್ನು ಬಿಟ್ಟರೆ ಮರೆಯುತ್ತೇವೆ ಅಂತ ಇರಬಹುದು. ಈ ಕೊನೆಯ ಮಾತು ನನ್ನ ಊಹೆ, ವರದಿಯದ್ದಲ್ಲ.

ಹೆಂಡತಿಯ ಪರವಾಗಿ

ನನ್ನ ಹೆಂಡತಿಗೆ ಒಂದು ವರ್ಷದಿಂದ ಇದೇ. ಹೊರಗೆ ಹೋದಾಗಲೆಲ್ಲ ಅವಳ ಕೈ ಹಿಡಿದೇ ಇರುತ್ತೇನೆ. ಗಂಟೆಗೊಮ್ಮೆ "ಹೇಗಿದೆ ಈಗ?" ಅಂತ ಕೇಳುತ್ತೇನೆ. ಮೇಲಿನದೆಲ್ಲ ಓದಿದ ಮೇಲೆ ನಾನೇ ತಪ್ಪು ಮಾಡುತ್ತಿದ್ದೇನಾ ಅನ್ನಿಸುತ್ತಿದೆ.

ಹಳೇ ಬವಳಿ

ತಪ್ಪು ಅನ್ನಬೇಡಿ ಸರ್. ಪ್ರೀತಿಯಿಂದ ಮಾಡಿದ್ದು. ಆದರೆ ಕೈ ಹಿಡಿದಷ್ಟು ಹೊತ್ತು ಅವರ ಮೆದುಳು "ಕೈ ಇದ್ದದ್ದಕ್ಕೆ ಬೀಳಲಿಲ್ಲ" ಅಂತಲೇ ಬರೆದುಕೊಳ್ಳುತ್ತದೆ. ನನಗೆ ತಳ್ಳುಗಾಡಿ ಹಾಗಿತ್ತು. ಸೂಪರ್‌ಮಾರ್ಕೆಟ್ಟಿನಲ್ಲಿ ಒಂದು ಸೋಪು ತರಲೂ ಗಾಡಿ ತಳ್ಳುತ್ತಿದ್ದೆ. ಬಿಡಿಸಿಕೊಳ್ಳುವಾಗ ಮೊದಲು ಎರಡು ಕೈಯಿಂದ ಒಂದು ಕೈಗೆ ಬಂದೆ. ಆಮೇಲೆ ಬರೀ ಎರಡು ಬೆರಳು. ಆಮೇಲೆ ಗಾಡಿಯನ್ನು ಸಾಲಿನ ತುದಿಯಲ್ಲಿ ಬಿಟ್ಟು ಹೋಗಿ ಬರುವುದು. ಏಳು ವಾರ ಹಿಡಿಯಿತು.

ಒಮ್ಮೆಲೇ ಕೈ ಬಿಡಬೇಡಿ. ಅವರನ್ನು ಕೇಳಿಯೇ ಬಿಡಿ. ಗಂಟೆಗೊಮ್ಮೆ ಕೇಳುವುದನ್ನು ಮಾತ್ರ ಇವತ್ತೇ ನಿಲ್ಲಿಸಿ. ಆ ಪ್ರಶ್ನೆಗೆ ಉತ್ತರ ಹೇಳಬೇಕಾದರೆ ಅವರು ಒಳಗೆ ಹೋಗಿ ಹುಡುಕಬೇಕು. ಹುಡುಕಿದರೆ ಸಿಕ್ಕೇ ಸಿಗುತ್ತದೆ.

ಹೆಂಡತಿಯ ಪರವಾಗಿ

ಅವಳಿಗೆ ಓದಿ ಹೇಳಿದೆ. "ಆ ಪ್ರಶ್ನೆ ಕೇಳಿಕೇಳಿ ನನಗೂ ಸಾಕಾಗಿತ್ತು" ಅಂದಳು. ಒಂದು ವರ್ಷ ಹೇಳಿರಲಿಲ್ಲ.

ಚುಟುಕು

ಧ್ಯಾನ ಸಹಾಯ ಮಾಡುತ್ತದಾ? ನನಗೆ ಕಣ್ಣು ಮುಚ್ಚಿ ಕೂತರೆ ಇನ್ನೂ ಜಾಸ್ತಿಯಾಗುತ್ತದೆ.

ನಡುರಾತ್ರಿ

ನನಗೂ ಹಾಗೇ ಆಗಿತ್ತು. ಮೈಯ ಒಳಗೆ ಏನಾಗುತ್ತಿದೆ ಗಮನಿಸಿ ಅನ್ನುವ ಬಗೆಯದು ಕಾವಲುಗಾರನಿಗೆ ಇನ್ನೊಂದು ಟಾರ್ಚ್ ಕೊಟ್ಟ ಹಾಗಾಯಿತು. ಕಣ್ಣು ಬಿಟ್ಟು, ಹೊರಗಿನ ಸದ್ದು ಕೇಳುವುದಕ್ಕೆ ಬದಲಾಯಿಸಿದೆ. ಅದು ಹಿಡಿಸಿತು. ಇದು ನನ್ನ ಅನುಭವ ಮಾತ್ರ.

ತೇಲುವ ನೆಲ (ಮೂರು ವಾರದ ನಂತರ)

ಸೋತೆ. ಉತ್ಸಾಹದಲ್ಲಿ ದಿನಕ್ಕೆ ನಾಲ್ಕು ಸಲ, ಪ್ರತಿ ಸಲ ಐದು ನಿಮಿಷ ತಲೆ ಆಡಿಸಿದೆ. ನಾಲ್ಕನೇ ದಿನ ಏಳಲಾಗಲಿಲ್ಲ. ಎರಡು ದಿನ ಮಲಗಿಯೇ ಇದ್ದೆ. ಆಮೇಲೆ ವ್ಯಾಯಾಮ ಬಿಟ್ಟೆ. ನನಗೆ ಇದು ಆಗುವುದಲ್ಲ ಅನ್ನಿಸುತ್ತಿದೆ.

ಕಿವಿಗೊಟ್ಟವಳು

ಇಪ್ಪತ್ತು ನಿಮಿಷ! ಅರ್ಧ ನಿಮಿಷ ಅಂತ ಬರೆದಿದ್ದೆ. ಇರಲಿ, ಹತ್ತರಲ್ಲಿ ಆರು ಜನ ಹೀಗೇ ಮಾಡುತ್ತಾರೆ ಅಂತ ಹೇಳೋಣ ಅನ್ನಿಸಿತು, ಆದರೆ ಅನುಮಾನದ ಹುಳ ಲೆಕ್ಕ ಕೇಳುತ್ತಾರೆ. ತುಂಬ ಜನ ಮಾಡುತ್ತಾರೆ.

ಹದಿನೈದು ಸೆಕೆಂಡ್, ಕೂತುಕೊಂಡು, ದಿನಕ್ಕೆ ಎರಡು ಸಲ. ಒಂದು ವಾರ ಅಷ್ಟೇ. ಚೆನ್ನಾಗಿರುವ ದಿನವೂ ಅಷ್ಟೇ, ಕೆಟ್ಟ ದಿನವೂ ಅಷ್ಟೇ. ಚೆನ್ನಾಗಿದೆ ಅಂತ ಬಾಚಿ ಮಾಡುವುದು, ಕೆಟ್ಟಿದೆ ಅಂತ ಮಲಗುವುದು, ಇದರಿಂದ ಮೆದುಳು ಏನೂ ಕಲಿಯುವುದಿಲ್ಲ. ಮತ್ತೆ ಒಂದು ಪ್ರಶ್ನೆ: ತಲೆಸುತ್ತಿಗೆ ಅಂತ ಕೊಟ್ಟ ಹಳೆಯ ಮಾತ್ರೆ ಇನ್ನೂ ನುಂಗುತ್ತಿದ್ದೀರಾ? ಒಳಕಿವಿಯ ಸುದ್ದಿಯನ್ನು ಅದುಮುವ ಕೆಲವು ಮಾತ್ರೆಗಳನ್ನು ತಿಂಗಳುಗಟ್ಟಲೆ ತೆಗೆದುಕೊಂಡರೆ ಮೆದುಳು ಹೊಂದಿಕೊಳ್ಳುವುದು ನಿಧಾನವಾಗುತ್ತದೆ. ನೀವಾಗಿಯೇ ನಿಲ್ಲಿಸಬೇಡಿ, ಡಾಕ್ಟರನ್ನು ಕೇಳಿ.

ಹಳೇ ಬವಳಿ

ಸೋತೆ ಅಂದಿರಿ. ನಾನು ಐದು ಸಲ ಬಿಟ್ಟು ಆರನೇ ಸಲ ಹಿಡಿದೆ. ಬೆಳಗಿನ ತಪಾಸಣೆಗೆ ಒಂದು ಉಪಾಯ ಹೇಳಲೇ? "ನೋಡಬಾರದು" ಅಂತ ಹಟ ಹಿಡಿದರೆ ಆಗುವುದಿಲ್ಲ. ಕಣ್ಣು ಬಿಟ್ಟ ಕೂಡಲೇ ಕೈಗೆ ಬೇರೆ ಕೆಲಸ ಕೊಡಿ. ನಾನು ಹಾಸಿಗೆ ಪಕ್ಕ ಪದಬಂಧ ಇಟ್ಟುಕೊಂಡಿದ್ದೆ. ಒಂದು ಪದ ತುಂಬಿಸದೆ ಏಳುವ ಹಾಗಿಲ್ಲ. ಕೆಲವು ದಿನ ಪದ ಹೊಳೆಯದೆ ಕೆಲಸಕ್ಕೆ ತಡವಾಯಿತು, ಅದು ಬೇರೆ ಮಾತು.

ತೇಲುವ ನೆಲ (ಇನ್ನೂ ಎರಡೂವರೆ ತಿಂಗಳ ನಂತರ)

ಈಗ ಒಂದೂವರೆ ನಿಮಿಷ, ನಿಂತುಕೊಂಡು, ಗೆರೆ ಪರದೆಯ ಮುಂದೆ. ಮಾತ್ರೆಯ ಬಗ್ಗೆ ಕೇಳಿದೆ, ಡಾಕ್ಟರು ಹಳೆಯದನ್ನು ನಿಧಾನವಾಗಿ ನಿಲ್ಲಿಸಿದರು. ನಡುವೆ ಒಂದು ವಾರ ಜ್ವರ ಬಂದು ಎಲ್ಲ ಹಿಂದಕ್ಕೆ ಹೋಯಿತು, ಮತ್ತೆ ಹದಿನೈದು ಸೆಕೆಂಡಿನಿಂದ ಶುರುಮಾಡಿದೆ. ಮೊದಲು ದಿನಕ್ಕೆ ಏಳು ಅಂಕ ಕೊಡುತ್ತಿದ್ದೆ. ಈಗ ಮೂರು, ಕೆಲವು ದಿನ ನಾಲ್ಕು. ಹೋದ ಮಂಗಳವಾರ ಅಂಕ ಬರೆಯುವುದೇ ಮರೆತುಹೋಗಿತ್ತು. ಬುಧವಾರ ಪುಸ್ತಕ ತೆಗೆದಾಗ ಖಾಲಿ ಗೆರೆ ಕಂಡಿತು.

ಒಂದು ಮಾತ್ರ ಆಗುತ್ತಿಲ್ಲ. ರೈಲಿನಲ್ಲಿ ಹಿಮ್ಮುಖ ಸೀಟು. ಕೂತರೆ ಎರಡೇ ನಿಮಿಷಕ್ಕೆ ಎಂಟು ಅಂಕ. ಯಾರಾದರೂ ದಾಟಿದ್ದೀರಾ?

ಚುಟುಕು

ನಾನು ದಾಟಿದೆ! ಮೊದಲು ಮನೆಯಲ್ಲಿ ರೈಲಿನ ಕಿಟಕಿಯ ವಿಡಿಯೋ ನೋಡಿದೆ, ಹಿಂದಕ್ಕೆ ಸರಿಯುವಂಥದ್ದು. ಆಮೇಲೆ ರೈಲಿನಲ್ಲಿ ಒಂದೇ ನಿಲ್ದಾಣ ಹಿಮ್ಮುಖ ಕೂತು, ಮುಂದಿನ ನಿಲ್ದಾಣದಲ್ಲಿ ಎದ್ದು ಎದುರು ಸೀಟಿಗೆ ಹೋಗುತ್ತಿದ್ದೆ. ಕಣ್ಣು ಮುಚ್ಚಬೇಡಿ. ದೂರದ ಮರ ನೋಡಿ, ಹಳಿ ಪಕ್ಕದ ಕಂಬ ಆಮೇಲೆ. ಕಂಬಗಳಿಗೆ ನನಗೆ ಒಂದು ತಿಂಗಳು ಬೇಕಾಯಿತು.

ತೇಲುವ ನೆಲ

ದೂರದ ಮರ. ಸರಿ. ಸೋಮವಾರ ಒಂದು ನಿಲ್ದಾಣ.